ಸಾಮ್ ಥುಮ್

ಬಸ್ಸು ಮೂರಕ್ಕೆ ಅಂದುಕೊಂಡೆ.
ಟಿಕೇಟು ಹರಿದುಕೊಟ್ಟ ಹುಡುಗಿ ಮೂರು ಬೆರಳೆತ್ತಿ
ಸಾಮ್ ಥುಮ್, ಸಾಮ್ ಥುಮ್ ಎಂದಿದ್ದಳು.
ಸಾಮ್ ಅಂದರೆ ಮೂರು. ಹನ್ನೊಂದು ದಿನದ ಚೌಕಾಸಿಯಲ್ಲಿ
ಕಲಿತದ್ದು ಅಷ್ಟೇ.

ಪ್ರೇ ಊರಿನ ಬಸ್‌ಸ್ಟ್ಯಾಂಡು.
ಎರಡೂಮುಕ್ಕಾಲಿಗೇ ಬಂದು ಕೂತೆ.
ಸಂತೆಯಲ್ಲಿ ಕೊಂಡ ನೀಲಿ ಅಂಗಿ ಬೆವರಿಗೆ ಬಣ್ಣ ಬಿಟ್ಟು
ಮೊಣಕೈವರೆಗೆ ನಾನೂ ನೀಲಿ.
ಮೂರಾಯಿತು. ಮೂರೂವರೆ.
ಬಸ್ಸು ನಿಲ್ಲುವ ಜಾಗದಲ್ಲೇ ನಾಯಿಯೊಂದು ಕಾಲು ಚಾಚಿ ಮಲಗಿತ್ತು,
ಅದಕ್ಕೆ ಎಲ್ಲ ಗೊತ್ತಿತ್ತು.

ಹಸಿ ಪಪ್ಪಾಯಿ ಕುಟ್ಟುತ್ತಿದ್ದ ಹೆಂಗಸು
ನನ್ನ ಟಿಕೇಟು ಇಸಿದುಕೊಂಡು ನೋಡಿ, ನಕ್ಕು,
ನಗು ಸಾಲದೆ ಪಕ್ಕದ ಅಂಗಡಿಯವಳನ್ನೂ ಕರೆದಳು.
ಆಮೇಲೆ ಕಾವಲುಗಾರ ಬಂದ.
ಕಾವಲುಗಾರನಿಗೆ ಇಲ್ಲಿ ಯಾಮ್ ಅನ್ನುತ್ತಾರೆ;
ನಮ್ಮ ಇರುಳಿನ ಜಾವವೊಂದು
ಖಾಕಿ ತೊಟ್ಟು, ಸೀಟಿ ನೇತುಹಾಕಿಕೊಂಡು
ಎದುರು ನಿಂತಂತಾಯಿತು.
ಎಂದೋ ಹಡಗಿನಲ್ಲಿ ದುಡಿದ ಮುದುಕ,
ಅರ್ಧ ಇಂಗ್ಲಿಷು, ಅರ್ಧ ಕೈ:
ಹಗಲಿಗೆ ಜಾಗಟೆ, ಇರುಳಿಗೆ ನಗಾರಿ,
ಹಿಂದೆ ಹಾಗೆ ಬಡಿಯುತ್ತಿದ್ದರಂತೆ.
ಏಳಕ್ಕೆ ಒಂದು ಥುಮ್, ಎಂಟಕ್ಕೆ ಎರಡು,
ನಿನ್ನ ಬಸ್ಸು ಒಂಬತ್ತಕ್ಕೆ, ಮಗಳೇ.
ನಗಾರಿ ಯಾವಾಗಲೋ ಹರಿದುಹೋಗಿದೆ,
ಸದ್ದು ಮಾತ್ರ ಇವರ ನಾಲಿಗೆಯಲ್ಲಿದೆ.

ಆಗ ಅವಳು, ಪಾ ತುಯಿ, ಕೇಳಿದ್ದು:
ಕಿನ್ ಖಾವ್ ರು ಯಾಂಗ್?
ಈ ಒಂದನ್ನು ಯಾರೂ ಕಲಿಸಬೇಕಿರಲಿಲ್ಲ.
ಊಟ ಆಯ್ತಾ ಅನ್ನುವ ಮುಖ ಎಲ್ಲಿ ಕಂಡರೂ ಗುರುತು ಸಿಗುತ್ತದೆ,
ಉತ್ತರ ಏನೇ ಇರಲಿ, ತಟ್ಟೆ ಮೊದಲೇ ಬಂದಿರುತ್ತದೆ.
ಬಿದಿರ ಬುಟ್ಟಿಯಲ್ಲಿ ಅಂಟನ್ನ; ಹಿಸುಕಿ ಉಂಡೆ ಮಾಡಿ
ಖಾರದಲ್ಲಿ ಅದ್ದಿ ತಿಂದೆ.
ಕಣ್ಣೀರು ಬಂತು. ಖಾರಕ್ಕೇ,
ಬೇರೆ ಏನೂ ಅಲ್ಲ.

ಕಾಲು ನೀಡಿ ಕೂತಿದ್ದೆ.
ಪಾದದ ನೇರಕ್ಕೆ ಕಂಬದ ಮೇಲೊಂದು ಪುಟ್ಟ ಮನೆ,
ನೆಲದ ದೈವದ್ದು, ಎದುರಿಗೆ
ಕೊಳವೆ ಹಾಕಿಟ್ಟ ಕೆಂಪು ಸೋಡಾ.
ಅವಳು ಏನೂ ಅನ್ನಲಿಲ್ಲ. ಎದ್ದುಬಂದು
ನನ್ನ ಕಾಲಿಗೂ ದೈವಕ್ಕೂ ನಡುವೆ
ಸೌತೆಕಾಯಿ ಬುಟ್ಟಿಯೊಂದನ್ನು ಸರಿಸಿಟ್ಟು ಹೋದಳು.
ಬುಟ್ಟಿ ಯಾಕೆಂದು ತಿಳಿಯಲು ನನಗೆ ಹತ್ತು ನಿಮಿಷ ಬೇಕಾಯಿತು.
ಕಾಲು ಮಡಚಿಕೊಂಡೆ. ಅವಳು ಆಗಲೂ ನೋಡಲಿಲ್ಲ,
ನೋಡದಿರಲು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಆರಕ್ಕೆ ಧ್ವನಿವರ್ಧಕ ಕರ್ರೆಂದು
ರಾಷ್ಟ್ರಗೀತೆ ಹೊರಟಿತು.
ಒನಕೆ ಗಾಳಿಯಲ್ಲೇ ನಿಂತಿತು. ಎಣಿಸುತ್ತಿದ್ದ ಚಿಲ್ಲರೆ,
ಬೈಕು ಹತ್ತಿದ ಒಂದು ಕಾಲು, ಎಲ್ಲ ನಿಂತವು.
ನಾನೂ ನಿಂತೆ, ಬಾಯ್ತುಂಬ ಅನ್ನ,
ನುಂಗಬಹುದೋ ಬಾರದೋ ತಿಳಿಯದೆ.
ನಾಯಿ ಮಾತ್ರ ಮೈ ಕೆರೆದುಕೊಂಡಿತು.

ಕತ್ತಲಾದಮೇಲೆ ಮೊಮ್ಮಗ ಬಂದ, ಆರು ವರ್ಷವಿರಬೇಕು.
ಹೆಸರು ಕೊಪ್. ಕೊಪ್ ಅಂದರೆ?
ನೆಲಕ್ಕೆ ಕುಕ್ಕರಿಸಿ ಜಿಗಿದು ತೋರಿಸಿದ.
ಕಪ್ಪೆ! ನಮ್ಮಲ್ಲೂ ಕಪ್ಪೆ, ಎಂದೆ.
ಕಪ್ಪೆ, ಕಪ್ಪೆ ಎನ್ನುತ್ತ ಬಸ್‌ಸ್ಟ್ಯಾಂಡು ಸುತ್ತಿ
ಯಾಮ್‌ನ ಸೀಟಿ ಕಿತ್ತುಕೊಂಡು ಓಡಿದ.
ತಲೆ ಸವರಲು ಹೋದ ನನ್ನ ಕೈ
ಅರ್ಧದಲ್ಲಿ ನೆನಪು ಮಾಡಿಕೊಂಡು
ಅವನ ಭುಜಕ್ಕೆ ಇಳಿಯಿತು.
ಅಷ್ಟು ಹೊತ್ತಿಗೆ ಅಷ್ಟಾದರೂ ಕಲಿತಿದ್ದೆ.

ಒಂಬತ್ತೂ ಹತ್ತಕ್ಕೆ ಬಸ್ಸು ಬಂತು.
ದುಡ್ಡು ಕೊಡಹೋದರೆ ಪಾ ತುಯಿ ನನ್ನ ಮುಷ್ಟಿ ಮುಚ್ಚಿ
ಅದರ ಮೇಲೊಂದು ಬಾಳೆಎಲೆಯ ಪೊಟ್ಟಣ ಇಟ್ಟಳು.
ಕೊಪ್ ಕಿಟಕಿಯ ಕೆಳಗೆ ನಿಂತು ಏನೋ ಕೇಳಿದ.
ಮತ್ತೆ ಯಾವಾಗ ಎಂದಿರಬೇಕು.
ಮುಂದಿನ ವರ್ಷಕ್ಕೆ, ಎಂದಾದರೂ ಒಮ್ಮೆಗೆ,
ಬಹುಶಃ ಇಲ್ಲಕ್ಕೆ ನನ್ನ ಬಳಿ ಪದಗಳಿರಲಿಲ್ಲ.
ನಾಳೆ ಎಂಬುದೊಂದು ಬರುತ್ತಿತ್ತು. ಪ್ರುಂಗ್ ನೀ, ಎಂದೆ.

ಅವನು ತಲೆಯಾಡಿಸಿ ನಾನು ಕೂತಿದ್ದ ಕೆಂಪು ಸ್ಟೂಲನ್ನು
ಗೋಡೆಗೆ ಒತ್ತರಿಸಿಟ್ಟ, ಬೇರೆಯವರು ಕೂರದ ಹಾಗೆ.
ಓಡಿಬಂದು ಮಣಿಕಟ್ಟು ತಟ್ಟಿ ಕೇಳಿದ, ಎಷ್ಟು ಗಂಟೆಗೆ?
ಬಸ್ಸು ಹೊರಟಿತ್ತು.
ಮೂರು ಬೆರಳೆತ್ತಿದೆ.